ನಾಲ್ಕನೆಯ ಭೋಗ

ಕುಶಾಲನಗರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು
ಜೆರಾಕ್ಸ್ ಅಂಗಡಿಗೆ ಒತ್ತಿಕೊಂಡು ನನ್ನ ಮೇಜು.
ಇಪ್ಪತ್ತಾರು ವರ್ಷದಿಂದ ಬೇರೆಯವರ ನೆಲ ಬರೆಯುತ್ತೇನೆ.
ಮೂಡಲಿಗೆ ತೋಡು, ಪಡುವಲಿಗೆ ಸರ್ಕಾರಿ ರಸ್ತೆ,
ಬಡಗಲಿಗೆ ಇಂಥವರ ಗದ್ದೆ, ತೆಂಕಲಿಗೆ ಅದೇ ಗದ್ದೆಯ ಉಳಿಕೆ.
ಚೆಕ್ಕುಬಂದಿ ತಪ್ಪಿದ್ದಿಲ್ಲ ಒಂದು ಸಲವೂ.

ಇವತ್ತಿನ ಸ್ವತ್ತು ಕೂಡಿಗೆಯ ಆಚೆ,
ಹಾರಂಗಿ ಬಂದು ಹೊಳೆ ಸೇರುವಲ್ಲಿಂದ ತುಸು ಕೆಳಗೆ.
ಒಂದು ಎಕರೆ ಎಪ್ಪತ್ತು ಸೆಂಟು.
ಮೊದಲು ಬಾಣೆ. ಆಮೇಲೆ ಕೈಗಾರಿಕೆ. ಇನ್ನು ಮುಂದೆ ವಸತಿ.
ಆದೇಶದ ಹಾಳೆಯಲ್ಲಿ ನೆಲ
ಹಾವು ಪೊರೆ ಬಿಟ್ಟಷ್ಟು ಸಲೀಸಾಗಿ ಪರಿವರ್ತನೆಯಾಗುತ್ತದೆ.
ಪೊರೆ ಮಾತ್ರ.
ಹಲ್ಲಿನದು ಹಲ್ಲಿನಲ್ಲಿಯೇ.

ಅಲ್ಲಿ ಪುಡಿ ಬೆರೆಸುತ್ತಿದ್ದರು,
ಕಾಫಿಯ ಕಾಂಡ ಕೊರೆಯುವ ಹುಳಕ್ಕೆ ಬಳಿಯುವ ಪುಡಿ,
ಬೆಳ್ಳಗೆ, ಮುಗ್ಗಲು ವಾಸನೆಯದು.
ನಿಷೇಧ ಬಂದ ವರ್ಷ ಗೋಡೌನಿನಲ್ಲಿ ಉಳಿದದ್ದನ್ನು
ಮಾರುವಂತಿಲ್ಲ, ಸಾಗಿಸುವಂತಿಲ್ಲ, ಸುಡುವಂತಿಲ್ಲ.
ಹೂಳುವಂತಿಲ್ಲ ಎಂದೂ ಇತ್ತು,
ಅದು ಇಂಗ್ಲಿಷಿನಲ್ಲಿತ್ತು.

ಕಂಪನಿ ಮುಚ್ಚಿತು. ಪಾಲುದಾರರಲ್ಲಿ ಒಬ್ಬರು ತೀರಿಕೊಂಡರು,
ಇನ್ನೊಬ್ಬರ ವಿಳಾಸಕ್ಕೆ ಹೋದ ನೋಟಿಸು ಮೂರು ಸಲ ವಾಪಸು ಬಂತು.
ಬ್ಯಾಂಕು ಹರಾಜು ಕೂಗಿತು: ಇದ್ದಲ್ಲಿ, ಇದ್ದಂತೆ.
ಮಾಲಿನ್ಯ ಮಂಡಳಿಯವರು ಬಂದು ನೋಡಿ ಬರೆದರು:
ಸದರಿ ಘಟಕ ಚಾಲನೆಯಲ್ಲಿಲ್ಲ, ಹೊಗೆ ಕಂಡುಬಂದಿಲ್ಲ,
ಆದ್ದರಿಂದ ಕಡತ ಮುಕ್ತಾಯ.

ಕೆಡಿಸಿದವನೇ ತೆರಬೇಕು. ಪುಸ್ತಕದಲ್ಲಿದೆ,
ವಕೀಲೆ ಬೊಳ್ಳಮ್ಮ ಪುಟ ತೆಗೆದು ತೋರಿಸಿದರು.
ಕೆಡಿಸಿದ್ದು ಕಂಪನಿ. ಅದಕ್ಕೆ ಮೈಯಿಲ್ಲ, ಮಸಣವೂ ಇಲ್ಲ.
ಕೊಂಡವರು ಕೆಡಿಸಿಲ್ಲ, ಬ್ಯಾಂಕು ಮುಟ್ಟಿಯೇ ಇಲ್ಲ.
ಹಾಗಾದರೆ ತೆರುವವರು ಯಾರು ಅಂದೆ.
ಅವರು ಕನ್ನಡಕ ಒರೆಸಿಕೊಂಡು,
"ಬಾವಿ ಇರುವವರು" ಅಂದರು.

ಪಹಣಿ ತೆಗೆದು ನೋಡಿದೆ. ಹನ್ನೊಂದನೆಯ ಕಾಲಂ, ಋಣಗಳು:
ಸಾಲ ತೀರುವಳಿಯಾಗಿದೆ. ಬೇರೇನಿಲ್ಲ.
ಮಣ್ಣು ಹೊತ್ತದ್ದನ್ನು ಏರಿಸಲು
ಯಾವ ಸರ್ಕಾರವೂ ಗೆರೆ ಎಳೆದಿಲ್ಲ ಅಲ್ಲಿ.

ಬರೆಯುತ್ತ ಬಂದೆ. ಅಜ್ಜನ ಕಾಲದ ವಾಕ್ಯ, ಕೈಗೆ ಬಾಯಿಪಾಠ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯಗಳೆಂಬ
ಅಷ್ಟಭೋಗ ತೇಜಸ್ವಾಮ್ಯಗಳನ್ನು
ನೀವೂ ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ
ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.

ನಾಲ್ಕನೆಯ ಭೋಗದ ಮೇಲೆ ಪೆನ್ನು ನಿಂತಿತು.
ಕಲ್ಲು ಕಣೋ, ಅಷ್ಟೇ, ಅಂದಿದ್ದರು ಅಜ್ಜ.
ಮನೆಯ ಅಟ್ಟದಲ್ಲಿ ಇಲಿಗೆ ಇಡುತ್ತಿದ್ದುದಕ್ಕೂ ಅದೇ ಹೆಸರು.
ನಿಕ್ಷೇಪವೆಂದರೆ ಹೂತಿಟ್ಟದ್ದು. ಅಕ್ಷೀಣಿ, ಸವೆಯದ್ದು.
ಆಗಾಮಿ, ಇನ್ನು ಬರಲಿರುವುದು.
ಎಷ್ಟು ಪತ್ರಗಳಲ್ಲಿ ಸುಮ್ಮನೆ ಬರೆದೆನೋ ಇದನ್ನು,
ಈ ಒಂದರಲ್ಲಿ ಅಕ್ಷರಶಃ ನಿಜ.

ಸಾಕ್ಷಿಗೆಂದು ಕರೆತಂದದ್ದು
ಗೋಡೌನಿನ ಹಳೆಯ ಆಳು, ಪಣಿಎರವರ ಚುಬ್ರನನ್ನು.
ಹದಿನಾರು ನಿವೇಶನದ ನಕ್ಷೆ ಬಿಚ್ಚಿತ್ತು ಮೇಜಿನ ಮೇಲೆ.
ಜೋಕಾಲಿ, ಜಾರುಬಂಡೆ ಬರೆದ ಹಸಿರು ಚೌಕಕ್ಕೆ ಬೆರಳಿಟ್ಟ:
"ಇಲ್ಲೇ ಅಲ್ವಾ ಸ್ವಾಮಿ ಗುಂಡಿ ತೆಗೆದದ್ದು. ಎರಡಾಳುದ್ದ.
ಮೇಲೆ ಬಾಳೆ ನೆಟ್ಟೆವು. ಗೊನೆ ಹಾಕಲಿಲ್ಲ."
ಕೊಳ್ಳುವವರು ಫೋನಿನಲ್ಲಿದ್ದರು.
ಟೋಕನ್ ಕೂಗುವಷ್ಟರಲ್ಲಿ ನಾನು ಕೊನೆಯ ಹಾಳೆ ಬದಲಿಸಿದೆ.

ಒಳಗಿನ ತಂತ್ರಾಂಶಕ್ಕೂ ಕಾವೇರಿ ಎಂದೇ ಹೆಸರು.
ಕಾವೇರಿ ಮಾರ್ಗಸೂಚಿ ಬೆಲೆ ಕೇಳಿತು, ಮುದ್ರಾಂಕ ಶುಲ್ಕ ಕೇಳಿತು,
ಚುಬ್ರನ ಹೆಬ್ಬೆರಳು ಕೇಳಿತು.
ಗಾಜಿಗೆ ಒತ್ತಿದ. ಗೆರೆ ಮೂಡಲಿಲ್ಲ.
ಪಂಚೆಗೆ ಒರೆಸಿ ಒತ್ತಿದ.
ಹನ್ನೆರಡು ವರ್ಷ ಬರಿಗೈಯಲ್ಲಿ ಪುಡಿ ಬೆರೆಸಿದ ಕೈ,
ಯಂತ್ರಕ್ಕೆ ಅದು ಕೈಯೇ ಅಲ್ಲ.
"ಬೇರೆ ಸಾಕ್ಷಿ ತನ್ನಿ" ಅಂದರು ಸಾಹೇಬರು.

ಜೆರಾಕ್ಸ್ ಅಂಗಡಿಯ ಹುಡುಗ ಬಂದು ಒತ್ತಿದ, ಒಂದೇ ಸಲಕ್ಕೆ ಮೂಡಿತು.
ಆ ನೆಲವನ್ನು ಅವನು ಕಂಡದ್ದಿಲ್ಲ.

ಹೇಳುವ ಧೈರ್ಯವಿರಲಿಲ್ಲ ನನಗೆ. ಬರೆಯುವ ರೂಢಿಯಿತ್ತು.
ಚೆಕ್ಕುಬಂದಿಯಲ್ಲಿ ನಾಲ್ಕು ದಿಕ್ಕು ಮುಗಿದ ಮೇಲೆ
ಐದನೆಯದೊಂದು ಸಾಲು:
ಕೆಳಕ್ಕೆ, ಎರಡಾಳುದ್ದದಲ್ಲಿ ಪುಡಿ, ಅದರ ಕೆಳಗೆ ನೀರು.
ಕೊಂಡವರು ಓದದೆ ಸಹಿ ಮಾಡಿದರು,
ಸಾಹೇಬರು ಓದದೆ ಮೊಹರು ಒತ್ತಿದರು.
ಈಗ ಅದು ದಾಖಲೆ.

ಓದಿದವರು ಯಾರಾದರೂ
ಒಂದು ದಿನ ಪತ್ರ ಹಿಡಿದು ಜಗಳಕ್ಕೆ ಬರಲಿ.
ಮೇಜಿನ ಆಚೆ ಒಂದು ಕುರ್ಚಿ ಖಾಲಿ ಇಟ್ಟಿದ್ದೇನೆ.