ಎಲ್ ಬೋರ್ಡಿನ ತಗಡು

ಸುಮನಹಳ್ಳಿಯ ಅಲೈನ್‌ಮೆಂಟ್ ಅಂಗಡಿಯ ಪರದೆಯಲ್ಲಿ
ಹಿಂದಿನ ಎಡಚಕ್ರ ಮಾತ್ರ ಕೆಂಪಗೆ ಮಿನುಗಿತು.
‘ಹಿಂದಿನದಕ್ಕೆ ಅಡ್ಜಸ್ಟ್‌ಮೆಂಟೇ ಇಲ್ಲ ಸರ್,
ಆಕ್ಸಲ್ ಬದಲಾಯಿಸ್ಬೇಕು, ಹದಿನೆಂಟು ಸಾವಿರ’
ಎಂದ ಹುಡುಗ, ಮುಂದಿನ ಕಾರಿಗೆ ಕೈಸನ್ನೆ ಮಾಡುತ್ತ.
ನನ್ನ ಡ್ರೈವಿಂಗ್ ಸ್ಕೂಲಿಗೆ ಇರುವುದೊಂದೇ ಕಾರು.
ಚೌಕಾಶಿ ಮಾಡಿ ಮಾರಿದರೂ ಅದಕ್ಕೆ ಅಷ್ಟು ಬರಲಿಕ್ಕಿಲ್ಲ.

ಟೈರು ಹೊರಗಿನಿಂದ ಹೊಸದರ ಹಾಗೆ.
ಕೈ ಹಿಂದಕ್ಕೆ ಹಾಯಿಸಿದರೆ ಒಳ ಅಂಚು ಬೋಳು,
ತಂತಿ ಬೆರಳಿಗೆ ಚುಚ್ಚುತ್ತದೆ.

ಸೊಟ್ಟ ಮಾಡಿದವಳು ಹುಲಿಗೆಮ್ಮ.
ಲಿಂಗಸುಗೂರಿನ ಕಡೆಯವಳು, ಗಾರೆ ಕೆಲಸ;
ಕಸದ ಆಟೋ ಓಡಿಸುತ್ತೇನೆಂದು ಕಲಿಯಲು ಬಂದಿದ್ದಳು.
ರಿವರ್ಸಿನಲ್ಲಿ ಬ್ರೇಕು ಎಂದೆ, ಅವಳು ಆಕ್ಸಿಲರೇಟರ್ ಒತ್ತಿದಳು,
ನನ್ನ ಕಾಲಡಿಯ ಬ್ರೇಕು ಅರೆಗಳಿಗೆ ತಡವಾಯಿತು.
ಸುಂಕದಕಟ್ಟೆಯ ಚರಂಡಿಕಲ್ಲಿಗೆ ಚಕ್ರ ಬಡಿದ ಸದ್ದು
ಇನ್ನೂ ನನ್ನ ದವಡೆಯಲ್ಲಿದೆ.

‘ರೊಕ್ಕ ಕೊಡಾಕ ಆಗಂಗಿಲ್ರಿ ಮಾಸ್ತರ್ರ,
ಐತವಾರ ಬರ್ತೀನಿ, ಗುಂಡು ತರ್ತೀನಿ’ ಅಂದಳು.
ಯಾವ ಗುಂಡೋ ಎಂದು ವಾರವಿಡೀ ಯೋಚನೆ.

ತಂದದ್ದು ತೂಗುಗುಂಡು. ಹಿತ್ತಾಳೆಯದು, ಚೂಪು ಮೂಗು,
ಸಿಮೆಂಟು ಮೆತ್ತಿ ಬಿರುಸಾದ ದಾರ,
ಹೆಗಲಿಗೆ ಸುತ್ತಿಕೊಂಡ ನೀರುಮಟ್ಟದ ಪೈಪು.
ನಮ್ಮ ಓಣಿ ಸಮನಾಗಿದೆ ಎಂದು
ಇಪ್ಪತ್ತು ವರ್ಷ ನಂಬಿದ್ದೆ. ಪೈಪಿನ ನೀರು ಒಪ್ಪಲಿಲ್ಲ.
ತಗ್ಗಿನ ಚಕ್ರಗಳಡಿ ಟೈಲು ಇಟ್ಟೆವು, ಒಂದು ಒಡೆಯಿತು,
ಇನ್ನೊಂದು ತಂದೆವು.
ಮಡ್‌ಗಾರ್ಡಿಗೆ ದಾರ ಅಂಟಿಸಿ ಗುಂಡು ಇಳಿಬಿಟ್ಟು
ಅದು ನಿಲ್ಲಲಿ ಎಂದು ಉಸಿರು ಹಿಡಿದು ಕೂತಾಗ
ನೀರಿನ ಟ್ಯಾಂಕರ್ ಬಂತು. ಮತ್ತೆ ಮೊದಲಿಂದ.

ದಾರದಿಂದ ರಿಮ್ಮಿನ ಕೆಳ ಅಂಚಿಗೆ ನಲವತ್ತು ಮಿಲಿಮೀಟರ್,
ಮೇಲಿನದಕ್ಕೆ ಐವತ್ತಮೂರು.
‘ಹದಿಮೂರು ಒಳಗ ಬಿದ್ದೈತಿ.
ಗ್ವಾಡಿ ಆಗಿದ್ರ ಮೇಸ್ತ್ರಿ ಕೆಡವಿಸ್ತಿದ್ದ.’
ಬಲಚಕ್ರಕ್ಕೆ ಐದು. ಅದು ಕಂಪನಿಯೇ ಇಟ್ಟ ಓರೆ, ಅಷ್ಟು ಬೇಕು,
ತಿರುವಿನಲ್ಲಿ ಕಾರು ಮೈ ವಾಲಿಸಿದಾಗ ಅದೇ ಕಾಯುತ್ತದೆ ಎಂದೆ.
‘ಬೇಕಂತನ ಸೊಟ್ಟ ಇಡ್ತಾರೇನ್ರಿ?’
ನನ್ನನ್ನು ನೋಡಿದ ನೋಟ, ಕಳ್ಳ ಕಂಟ್ರಾಕ್ಟರನ್ನು ನೋಡುವಂಥದು.

ತಗಡಿಗೆ ಜೆ.ಸಿ. ರೋಡಿಗೆ ಹೋಗಲಿಲ್ಲ.
ಅಟ್ಟದ ಮೇಲೆ ಹಳೆಯ ಎಲ್ ಬೋರ್ಡು ಆರೇಳು;
ಲೈಸೆನ್ಸು ಸಿಕ್ಕ ಮೇಲೆ ಯಾರೂ ಅದನ್ನು ಕೇಳುವುದಿಲ್ಲ.
ಮೂರು ತುಂಡು ಕತ್ತರಿಸಿದೆ, ಲಾಳದ ಆಕಾರ.
ಬಣ್ಣ ಕೆರೆಯಬೇಕು, ಬಣ್ಣವನ್ನು ನಂಬುವ ಹಾಗಿಲ್ಲ,
ಬೋಲ್ಟು ಬಿಗಿದಂತೆ ಕುಗ್ಗಿ ಲೆಕ್ಕ ತಪ್ಪಿಸುತ್ತದೆ.
ಅವಳು ಕರಣಿಯ ಅಂಚಿನಿಂದ ಕೆರೆದಳು.
ಒಂದು ಮೂಲೆಯಲ್ಲಿ ಚೂರು ಕೆಂಪು ಉಳಿಯಿತು, ನಾನು ಸುಮ್ಮನಿದ್ದೆ.

ಜಾಕು, ಅದರ ಪಕ್ಕ ಕಲ್ಲು, ಕಲ್ಲಿನ ಮೇಲೆ ಹಲಗೆ.
ಚಕ್ರ ಬಿಚ್ಚಿ, ಡ್ರಮ್ ಕಳಚಿ,
ತುಕ್ಕಿಗೆ ಸೀಮೆಎಣ್ಣೆ ಕುಡಿಸಿ ಬೈಯುತ್ತ ಕಾದೆವು.
ನಾಲ್ಕು ಬೋಲ್ಟುಗಳಲ್ಲಿ ಮೇಲಿನೆರಡರ ಹಿಂದೆ
ತಗಡು ಜಾರಿಸಿದೆ, ಎಳೆ ಸಾಕಷ್ಟು ಹಿಡಿದಿದೆಯೇ ಎಂದು
ಎರಡು ಸಲ ನೋಡಿದೆ. ಮೂರನೆಯ ಸಲ ಅವಳು ನೋಡಿದಳು.

ಕೆಳಗಿಳಿಸಿ, ಹಿಂದೆ ಮುಂದೆ ತಳ್ಳಿ, ಮತ್ತೆ ದಾರ:
ನಲವತ್ತು, ನಲವತ್ತಾರು.
‘ಇನ್ನೊಂದ್ ಚೂರು ತಗಡು ಹಾಕೂಣ್ರಿ?’
ಸಾಕು ಎಂದೆ.
ಅವಳ ಮುಖದಲ್ಲಿ ಗಾರೆ ಮುಗಿಯದ ಗೋಡೆಯೊಂದು ಹಾಗೇ ನಿಂತಿತು.

ಖರ್ಚು: ಟೈಲು ಒಂದು, ಟೀ ನಾಲ್ಕು.
ಕೀ ಅವಳಿಗೇ ಕೊಟ್ಟೆ.
ಚರಂಡಿಕಲ್ಲಿನ ಪಕ್ಕದಲ್ಲೇ ರಿವರ್ಸು, ಕನ್ನಡಿ, ಮತ್ತೆ ಕನ್ನಡಿ.
ನನ್ನ ಕಾಲು ಬ್ರೇಕಿನ ಮೇಲೆ ತೇಲುತ್ತಿತ್ತು, ಒತ್ತಲಿಲ್ಲ.
ಮೊದಲ ಗೇರಿಗೆ ಬಂದಾಗ ಹಿಂದಿನಿಂದ ಸದ್ದು,
ಟಿಣ್, ಟಿಣ್, ಟಿಣ್.
ಬೋಲ್ಟು ಬಿತ್ತೆಂದು ನನ್ನ ಎದೆ ಝಲ್ಲೆಂದಿತು.
‘ಗುಂಡ್ರಿ ಮಾಸ್ತರ್ರ, ಬಿಚ್ಚಾಕ ಮರ್ತೇವಿ’ ಎಂದು ನಕ್ಕಳು,
ನಿಲ್ಲಿಸಲಿಲ್ಲ.
ಓಣಿಯ ತುದಿಯವರೆಗೂ ಅದು ರಸ್ತೆಯನ್ನು
ತಟ್ಟಿ ತಟ್ಟಿ ನೋಡುತ್ತ ಬಂತು.