ಸರಿಯೋ ಬೆಸವೋ

ಬಾ ನೋಲಾ, ಬೂಟು ಅಲ್ಲೇ ಬಿಡು, ಒಳಗೆ ಬಾ.
ಇದೇ ಪೆಟ್ಟಿಗೆ. ಬಿಸ್ಕತ್ತಿನದು. ತುಕ್ಕು ಹಿಡಿದು ಮುಚ್ಚಳ ಸಡಿಲ.
ಉತ್ತರ ಮ್ಯಾನಿಟೋಬಾದ ಜೂನಿಯರ್ ಐಸ್ ಹಾಕಿ ಲೀಗು,
ಅರವತ್ತೊಂದು ಚಳಿಗಾಲ, ಇದರೊಳಗೆ ಮಲಗಿದೆ.
ಹುಷಾರು, ಅಡಿಯಲ್ಲಿ ಯಾರದೋ ಹಲ್ಲೂ ಇದೆ,
ಅರವತ್ತೊಂಬತ್ತರ ಫೈನಲ್ಲಿನದು,
ಕೇಳಿಕೊಂಡು ಯಾರೂ ಬರಲಿಲ್ಲ.

ಶುರುವಾದದ್ದು ವಾಸಿಲ್ ಪ್ರೊಕೊಪ್ಚುಕ್‌ನ ಗೋಧಿ ಗೋದಾಮಿನಲ್ಲಿ.
ತಕ್ಕಡಿಯ ಪಕ್ಕ ಒಂದು ಮೇಜು,
ಆರು ಊರಿನ ಆರು ಗಂಡಸರು, ಒಂದೇ ಬಾಟಲಿ.
ರಸೀದಿಯ ಬೆನ್ನಿಗೆ ಕರಾರು ಬರೆದರು:
ಇಪ್ಪತ್ತೊಂದು ತುಂಬಿದವನು ಆಡಕೂಡದು.
ಟಿಕೆಟ್ಟಿನ ದುಡ್ಡಲ್ಲಿ ಕರೆದವರಿಗೆ ಅರವತ್ತು, ಬಂದವರಿಗೆ ನಲವತ್ತು.
ಪರ ಊರಿನ ಹುಡುಗನನ್ನು ಮನೆಯಲ್ಲಿಟ್ಟುಕೊಂಡ ತಾಯಿಗೆ
ವಾರಕ್ಕೆ ಎಂಟು ಡಾಲರು
(ಅವನು ತಿನ್ನುವುದು ಹದಿನೈದರದು).
ಮೈನಸ್ ನಲವತ್ತು ದಾಟಿದರೆ ಬಸ್ಸು ಹೊರಡಕೂಡದು.
ಇದೊಂದನ್ನು ಯಾರೂ ಎಂದೂ ಪಾಲಿಸಲಿಲ್ಲ.

ನಾನು ಬಂದಾಗ ಇಪ್ಪತ್ತೆರಡು. ಟೈಪಿಂಗ್ ಬರುತ್ತಿತ್ತು,
ಅಷ್ಟಕ್ಕೇ ಕಾರ್ಯದರ್ಶಿ.
ಆರು ಊರಿನ ವೇಳಾಪಟ್ಟಿಯೆಂದರೆ ಎರಡರ ಮಗ್ಗಿ:
ಶನಿವಾರ ಮೂರು ಆಟ, ಯಾರೂ ಖಾಲಿಯಿಲ್ಲ,
ಪೆನ್ಸಿಲ್ ತಾನಾಗಿ ಓಡುತ್ತಿತ್ತು.

ಆಮೇಲೆ ನಿನ್ನ ಅಜ್ಜ ಬಂದ.
ಸೈಲಸ್ ಮುಸ್ವಾಗನ್, ಹೆಪ್ಪುಗಟ್ಟಿದ ಸರೋವರದ ಮೇಲೆ
ಟ್ರಕ್ಕು ಓಡಿಸಿಕೊಂಡು,
ಕೋಟಿನ ಒಳಜೇಬಲ್ಲಿ ಹದಿನೇಳು ಕ್ರೀ ಹುಡುಗರ ಹೆಸರು.
ಸುತ್ತ ಹಲಗೆಯಿಲ್ಲದ ಬಯಲಲ್ಲಿ ಆಡಿ ಬೆಳೆದವರು;
ಪಕ್ ಕೈತಪ್ಪಿದರೆ ಅರ್ಧ ಮೈಲಿ ಓಡಬೇಕು,
ಅದಕ್ಕೇ ತಪ್ಪಿಸದೆ ಕಲಿತವರು.
ಸಭೆ ಕೆಮ್ಮಿತು.
ಯಾರೋ ಅಂದರು: ಏಳು ಬೆಸ, ಪಟ್ಟಿ ಕೂಡುವುದಿಲ್ಲ.
ಕಾರಣ ಅದಲ್ಲವೆಂದು ತಕ್ಕಡಿಗೂ ಗೊತ್ತಿತ್ತು.
ಬರೆದವಳು ನಾನು: ‘ಮುಂದೂಡಲಾಗಿದೆ.’
ಮರುವರ್ಷ: ‘ಮುಂದೂಡಲಾಗಿದೆ.’
ತೆರೆದು ನೋಡು, ಒಂಬತ್ತು ಪುಟ,
ಕೆಳಗೆ ಥೋರ್ಡಿಸ್ ಎಯಾಲ್ಫ್ಸನ್ ಎಂಬ ಸಹಿ.
ಅಕ್ಷರ ಎಷ್ಟು ದುಂಡಗಿದೆ ನೋಡು.
ಒಮ್ಮೆಯೂ ನನ್ನ ಕೈ ನಡುಗಿರಲಿಲ್ಲ.

ಹತ್ತನೆಯ ಸಲ ಅವನು ಬೇಡಲಿಲ್ಲ. ಕಾಗದ ಹಾಸಿದ.
ಏಳು ತಂಡ, ಇಪ್ಪತ್ತೊಂದು ವಾರ,
ಪ್ರತಿ ವಾರಕ್ಕೊಂದು ಸೊನ್ನೆ.
‘ವಾರಕ್ಕೆ ಒಬ್ಬರು ಕೂತರಾಯಿತು.
ಮೊದಲ ವಾರ ನಾವೇ ಕೂರುತ್ತೇವೆ,
ಒಂಬತ್ತು ವರ್ಷದಿಂದ ಅಭ್ಯಾಸವಾಗಿದೆ.’
ನಕ್ಕವನು ಪ್ರೊಕೊಪ್ಚುಕ್ ಒಬ್ಬನೇ.
ಮೊದಲು ಕೈ ಎತ್ತಿದವನೂ ಅವನೇ.
ನಾಲ್ಕಕ್ಕೆ ಎರಡು.

ಅಲ್ಲಿಂದ ಏಳು.
ರಬ್ಬರು ಸವೆಸಿದ್ದೇನೆ, ಆ ಸೊನ್ನೆಗಳಿಗೆ ಬೈದಿದ್ದೇನೆ.
ಒಂದೂರಲ್ಲಿ ಪರೀಕ್ಷೆ, ಒಂದೂರಲ್ಲಿ ರಿಂಕಿನ ಕಂಪ್ರೆಸರ್ ಕೆಟ್ಟಿದೆ,
ನಿಮ್ಮೂರ ದಾರಿಯಂತೂ ಮಾರ್ಚಿಗೇ ಕರಗಿ ನೀರು.
ಆದರೂ, ಹಲಗೆಗೆ ಅಪ್ಪಳಿಸಿ ಬಿದ್ದ ಹುಡುಗನಿಗೆ
ಎರಡೂ ಊರಿನವರು ಒಂದೇ ಗಂಟಲಲ್ಲಿ
ಏಳು, ಏಳು, ಎಂದದ್ದನ್ನು ಕೇಳಿದ್ದೇನೆ.

ಹೋದ ಮಾರ್ಚಲ್ಲಿ ಕಾಪರ್ ಬೆಂಡಿನ ಗಣಿ ಮುಚ್ಚಿತು.
ಜರ್ಸಿಗಳು ನನ್ನ ಮನೆಗೆ ಬಂದವು,
ಒಗೆದು, ಮಡಿಚಿ, ನಂಬರಿನ ಕ್ರಮದಲ್ಲಿ.
ನಾಲ್ಕನೆಯದಿಲ್ಲ.
ಯಾರೋ ಉಳಿಸಿಕೊಂಡಿರಬೇಕು, ಒಳ್ಳೆಯದೇ ಆಯಿತು.
ಏಳು ಆರಾಯಿತು.
ರಿಂಕಿನ ದೀಪ ಆರಿತು.

ಈ ಸಲದ ಪಟ್ಟಿ ಕಾಲು ಗಂಟೆಯಲ್ಲಿ ಮುಗಿದುಹೋಯಿತು.
ಸೊನ್ನೆಯಿಲ್ಲ, ತಿದ್ದಿಲ್ಲ, ಎಲ್ಲ ಸರಿ.
ಕಾಫಿ ತಣ್ಣಗಾಗುವವರೆಗೂ ನೋಡುತ್ತ ಕೂತೆ.
ಇಷ್ಟು ಸರಿಯಾದದ್ದನ್ನು ನಾನು ಎಂದೂ ಮಾಡಿರಲಿಲ್ಲ.
ನೋಡಲಾಗಲಿಲ್ಲ.

ನೀನು ಕಂಪ್ಯೂಟರಿನಲ್ಲಿ ಮಾಡುತ್ತೀಯಂತೆ, ಮಾಡು.
ಅಡಿಯಲ್ಲಿ ಏಳನೆಯ ಗೆರೆಯೊಂದು ಎಳೆದಿಡು, ಬರಿದೇ ಇರಲಿ.
ಯಾವನಾದರೂ ಒಳಜೇಬಲ್ಲಿ ಹೆಸರಿಟ್ಟುಕೊಂಡು ಬಂದರೆ
ಕೂಡುವುದಿಲ್ಲ ಅನ್ನಬೇಡ.

ಹಲ್ಲೇ? ಅದನ್ನೂ ಒಯ್ಯಿ.
ಲೀಗಿನ ಆಸ್ತಿ.