ಕಾವಲಿಗೊಂದು ಕೋವಿಹೂ

ನಮ್ಮಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು,
ಯಾರಾದರೂ ಸತ್ತರೆ ಎರಡು.
ಗುಡ್ಡದಾಚೆಯವರು ಎಣಿಸಿಕೊಂಡೇ ಹೊರಡುತ್ತಾರೆ
ನಗುತ್ತಲೋ, ಬಿಳಿಯುಟ್ಟೋ.

ಪುಷ್ಯದ ಆ ರಾತ್ರಿ ಎರಡು ನಲವತ್ತಕ್ಕೆ
ಒಂದು ಈಡೂ ಕೇಳಲಿಲ್ಲ.
ನಾಯಿ ಬಾಲದೊಳಗೆ ಮೂಗಿಟ್ಟು ಮಲಗಿತ್ತು.
ಕಾಫಿ ಕಣದ ಕ್ಯಾಮೆರಾ ಮಾತ್ರ
(ಗೋಣಿಕೊಪ್ಪಲಿನಲ್ಲಿ ಚೌಕಾಸಿ ಮಾಡಿ ತಂದದ್ದು,
ಒಂದು ಎರಡು ಮೂರು ನಾಲ್ಕು ಅದರ ಪಾಸ್‌ವರ್ಡು)
ಯಾವುದೋ ಕಡಲಾಚೆಯ ವಿಳಾಸಕ್ಕೆ
ನನ್ನ ಮನೆಯನ್ನು ಪಿಸುಗುಡುತ್ತಿತ್ತು,
ನಡುನಡುವೆ ಗೇಟಿನ ಬೀಗವನ್ನೂ
ಮೆಲ್ಲಗೆ ಮಾತಿಗೆಳೆಯುತ್ತಿತ್ತು.

ಹಿಡಿದದ್ದು ನಫೀಸಾ ಕೂರಿಸಿ ಹೋದ ಡಬ್ಬಿ.
ಸಿದ್ದಾಪುರದ ಹುಡುಗಿ, ಏಣಿಯನ್ನು ತಾನೇ ಹೊತ್ತು ತಂದವಳು.
"ಇದಕ್ಕೆ ಕಳ್ಳನ ಮುಖ ಗೊತ್ತಿಲ್ಲ ಆಂಟೀ,
ನಿಮ್ಮ ಮನೆಯ ನಡತೆ ಗೊತ್ತಾಗಬೇಕು.
ಹದಿನೈದು ದಿನ ಕಲಿಯಲಿ ಬಿಡಿ."

ಕಲಿಯಿತು.
ಐದೂವರೆಗೆ ಗೀಸರು, ಏಳಕ್ಕೆ ಪಂಪು,
ಹೋಮ್‌ಸ್ಟೇಗೆ ಬಂದವರು ಬಿಸಿಲೇರುವವರೆಗೂ ಏಳದಿರುವುದು,
ಕ್ಯಾಮೆರಾ ಅಂದರೆ ನೋಡಬೇಕು, ಹರಟಬಾರದು.
ಹರಟಿದ್ದೇ ತಡ, ಅದೊಂದನ್ನೇ ಕತ್ತರಿಸಿ ಆಚೆಗಿಟ್ಟಿತು,
ಸೊರಗು ಹಿಡಿದ ಮೆಣಸಿನ ಬಳ್ಳಿಯೊಂದನ್ನು
ಬುಡಸಮೇತ ಕಿತ್ತು
ನಾವು ತೋಟ ಉಳಿಸಿಕೊಳ್ಳುವ ಹಾಗೆ.
ಬೆಳಿಗ್ಗೆ ಫೋನಿನಲ್ಲಿ ಒಂದೇ ಸಾಲು:
ಕಣದ ಕ್ಯಾಮೆರಾ ಬೇರ್ಪಡಿಸಿದ್ದೇನೆ.
ಕಾಫಿ ಕುಡಿದು ಮುಗಿದ ಮೇಲೆ ಓದಿದೆ.

ಕೈಲ್ ಮುಹೂರ್ತಕ್ಕೆ ಎಡವಟ್ಟಾಯಿತು.
ಒಕ್ಕದವರೆಲ್ಲ ಒಟ್ಟಿಗೆ ಬಂದರು,
ನಲವತ್ತು ಫೋನುಗಳು ಒಮ್ಮೆಗೇ ವೈಫೈ ಕದ ತಟ್ಟಿದವು.
ದಂಡೇ ಬಂತೆಂದು ಡಬ್ಬಿ ಗೇಟು ಮುಚ್ಚಿಕೊಂಡಿತು!
ಹೊರಗೆ ಉತ್ತಯ್ಯ ಮಾವ,
ಎರಡೂ ಕೈಯಲ್ಲಿ ಪಂದಿಕರಿಯ ಪಾತ್ರೆ:
"ನನ್ನಜ್ಜ ನಿಲ್ಲಿಸಿದ ಗೇಟು ಇದು, ನನ್ನಜ್ಜ!"
ನಫೀಸಾಗೆ ಫೋನು ಮಾಡಿದರೆ
ಅವಳು ನಕ್ಕೂ ನಕ್ಕೂ ಮಾತೇ ಹೊರಡಲಿಲ್ಲ.
ನೆಂಟರು ಯಾರು, ದಂಡು ಯಾವುದು,
ಅದನ್ನೂ ನಾವೇ ಹೇಳಿಕೊಡಬೇಕಂತೆ.

ಕೋವಿ, ಒಡಿಕತ್ತಿ, ಪೀಚೆಕತ್ತಿ ಸಾಲಾಗಿಟ್ಟು
ಗಂಧ ಹಚ್ಚಿದೆವು. ಒಂದು ಕೋವಿಹೂ ಮಿಕ್ಕಿತು.
ಡಬ್ಬಿಯ ಮೇಲಿಟ್ಟೆ.
ಮಾವ ನೋಡಿದರು, ಏನೂ ಅನ್ನಲಿಲ್ಲ.

ಇನ್ನೊಂದಿದೆ.
ಆ ಹದಿನೈದು ದಿನದ ಪಾಠದಲ್ಲಿ
ರಾತ್ರಿ ಮೂರಕ್ಕೆ ಅಡಿಗೆಮನೆಯ ದೀಪ ಹತ್ತುವುದೂ ಇತ್ತು.
ನಾನೇ. ನಿದ್ದೆ ಬಾರದೆ.
ಪಕ್ಕದಲ್ಲಿ ಮಲಗುವವರಿಗೂ ಹೇಳಿಲ್ಲ.
ಅದು ನೋಡಿದೆ,
ನೋಡಿ 'ಎಂದಿನಂತೆ' ಎಂದು ಬರೆದುಕೊಂಡಿದೆ.